ಹೋರಿ ಸತ್ತ ಮೇಲೆ ಧನಿಯಾ: ಹಳೆ ಕಾದಂಬರಿಯನ್ನು ನಮ್ಮೂರಿಗೆ ತರೋದು ಹೇಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಪಿಎಚ್‌ಡಿ ಪ್ರಬಂಧ, ನಡುವೆ ಆಗಾಗ ಕಾದಂಬರಿ. ಈಚೆಗೆ ಒಂದು ಬಗೆಯ ಕೈಬರಹ ಜಾಸ್ತಿ ಬರುತ್ತಿದೆ. ಯಾವುದೋ ಹಳೆಯ ದೊಡ್ಡ ಕಾದಂಬರಿಯ ಮುಂದಿನ ಭಾಗ, ಇಲ್ಲವೇ ಅದೇ ಕತೆ ಇವತ್ತಿನ ಕಾಲದಲ್ಲಿ. ವಿಮರ್ಶಕರು ಬೇಕಾದರೆ ಪುಟ ಹಾರಿಸಬಹುದು, ಟೈಪ್ ಮಾಡುವವನು ಒಂದೊಂದು ಅಕ್ಷರವನ್ನೂ ಓದಲೇಬೇಕು. ಹಾಗೆ ಓದಿ ಓದಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾತ್ರದ ಕೈಗೆ ಮೊಬೈಲ್ ಕೊಟ್ಟು ಎತ್ತಿನ ಬಂಡಿ ಬದಲು ಬೈಕ್ ಹತ್ತಿಸಿದರೆ ಕತೆ ಹೊಸದಾಗುವುದಿಲ್ಲ. ಅಂಥವು ಅರ್ಧ ದಾರಿಗೆ ಬರುವಷ್ಟರಲ್ಲಿ ಉಸಿರು ಬಿಡುತ್ತವೆ.

ಮೊದಲು ಪುಸ್ತಕ ಆರಿಸಿಕೊಳ್ಳಿ. ನಿಮಗೆ ತುಂಬಾ ಇಷ್ಟವಾದದ್ದೇ ಆಗಬೇಕಿಲ್ಲ. ಓದಿ ಮುಚ್ಚಿಟ್ಟ ಮೇಲೂ ಒಂದು ಪ್ರಶ್ನೆ ಕಾಡಬೇಕು, ಅಷ್ಟೇ. 1847ರ ‘ಜೇನ್ ಐರ್’ನಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಹೆಂಡತಿಯೊಬ್ಬಳಿದ್ದಾಳೆ. ಜಮೈಕಾದಿಂದ ಬಂದವಳು. ಹುಚ್ಚಿ ಅಂತ ಎಲ್ಲರೂ ಹೇಳುತ್ತಾರೆ, ಅವಳ ಕಡೆಯ ಮಾತು ಯಾರೂ ಕೇಳುವುದಿಲ್ಲ. ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಅದನ್ನು ಕೇಳಿಸಿದ್ದು 1966ರಲ್ಲಿ, ‘ವೈಡ್ ಸರ್ಗಾಸೊ ಸೀ’ ಬರೆದು. ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂನ 1942ರ ಕಾದಂಬರಿ ‘ದಿ ಔಟ್‌ಸೈಡರ್’ನಲ್ಲಿ ಕೊಲೆಯಾದ ಅರಬನಿಗೆ ಹೆಸರೇ ಇಲ್ಲ. ಅಲ್ಜೀರಿಯಾದ ಕಮೆಲ್ ದಾವೂದ್ 2013ರಲ್ಲಿ ಅವನಿಗೊಂದು ಹೆಸರು ಕೊಟ್ಟು, ಅವನ ತಮ್ಮನ ಬಾಯಿಂದ ಕತೆ ಹೇಳಿಸಿದ. ಇಬ್ಬರೂ ಹಿಡಿದದ್ದು ಹಳೆ ಪುಸ್ತಕ ಬಾಯಿ ಮುಚ್ಚಿಕೊಂಡ ಜಾಗವನ್ನು.

ಆ ಜಾಗ ಹುಡುಕುವುದಕ್ಕೆ ಪುಸ್ತಕವನ್ನು ಎರಡು ಸಲ ಓದಬೇಕು. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಅಡತಿ ಅಂಗಡಿಯ ಗುಮಾಸ್ತನ ಹಾಗೆ ಲೆಕ್ಕ ಬರೆಯುತ್ತಾ ಓದಿ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾರು ಮನೆ ಬಿಟ್ಟು ಹೋದರು, ಯಾರು ವಾಪಸ್ ಬಂದರು, ಯಾರ ಮಾತು ನಡುವೆ ನಿಂತಿತು. ಕೊನೆಗೆ ಚುಕ್ತಾ ಆಗದೆ ಉಳಿದ ಬಾಕಿಯಲ್ಲೇ ನಿಮ್ಮ ಕಾದಂಬರಿ ಇರುತ್ತದೆ.

ಹಿಂದಿಯ ಪ್ರೇಮಚಂದರ ‘ಗೋದಾನ’ವನ್ನೇ ತಗೊಳ್ಳೋಣ. 1936ರದ್ದು. ನಮ್ಮ ಕಡೆಗೆ ಇಷ್ಟು ಸಲೀಸಾಗಿ ಬರುವ ಕಾದಂಬರಿ ಇನ್ನೊಂದು ನನಗೆ ಕಂಡಿಲ್ಲ. ಕತೆಯ ರೈತನ ಹೆಸರು ಹೋರಿ, ಅವನಿಗೆ ಒಂದು ಹಸುವಿನ ಆಸೆ. ಹಸು ಬರುತ್ತದೆ, ತಮ್ಮ ಹೀರಾ ಹೊಟ್ಟೆಕಿಚ್ಚಿಗೆ ವಿಷ ಹಾಕುತ್ತಾನೆ. ಸಾಲ ಬೆಳೆಯುತ್ತದೆ. ಮಗ ಗೋಬರ್ ಬಸುರಿ ಝುನಿಯಾಳನ್ನು ಮನೆಬಾಗಿಲ ತನಕ ಕರೆತಂದು, ತಾನು ಲಖನೌಗೆ ಓಡುತ್ತಾನೆ. ಕೊನೆಗೆ ರಸ್ತೆಗೆ ಜಲ್ಲಿ ಅಗೆಯುವ ಕೂಲಿಯಲ್ಲಿ, ಬಿಸಿಗಾಳಿಗೆ ಹೋರಿ ಕುಸಿದು ಬೀಳುತ್ತಾನೆ. ಹಗ್ಗ ಹೊಸೆದು ಮಾರಿ ಬಂದಿದ್ದ ಇಪ್ಪತ್ತಾಣೆಯನ್ನು ಹೆಂಡತಿ ಧನಿಯಾ ಅವನ ತಣ್ಣಗಾದ ಕೈಯ ಮೇಲಿಟ್ಟು, ಇದೇ ಇವರ ಗೋದಾನ ಅಂತ ಪುರೋಹಿತ ದಾತಾದೀನನಿಗೆ ಹೇಳಿ, ಎಚ್ಚರ ತಪ್ಪಿ ಬೀಳುತ್ತಾಳೆ. ಅಲ್ಲಿಗೆ ಮುಗಿಯಿತು.

ಈಗ ಬಾಕಿ ನೋಡಿ. ಧನಿಯಾ ಎದ್ದ ಮೇಲೆ ಏನು? ಹೋರಿ ಸತ್ತ, ಸಾಲ ಸಾಯಲಿಲ್ಲ. ಹಸುವನ್ನು ಕೊಂದ ಹೀರಾ ಕೊನೆಯಲ್ಲಿ ತಿರುಗಿ ಬಂದಿದ್ದಾನೆ, ಅತ್ತಿಗೆ ಅವನನ್ನು ಮನೆಯೊಳಗೆ ಬಿಡುತ್ತಾಳಾ? ಒಂದು ಕಾದಂಬರಿಗೆ ಇಷ್ಟು ಸಾಕಲ್ವಾ?

ಇದನ್ನು ಯಾದಗಿರಿ ಕಡೆಯ ಹಳ್ಳಿಗೆ ತರುತ್ತೀರಿ ಅಂದುಕೊಳ್ಳಿ. ಬಿಸಿಲು ಬದಲಿಸುವ ಕೆಲಸವಿಲ್ಲ, ನಮ್ಮ ಮೇ ತಿಂಗಳೇ ಸಾಕು. ಲಖನೌ ಬದಲು ಬೆಂಗಳೂರು. ಗೋಬರ್ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಗುಳೆ ಹೋಗುತ್ತಾನೆ, ಕಟ್ಟಡದ ಕೆಲಸಕ್ಕೆ. ಇವೆಲ್ಲ ಸುಲಭ, ಯಾರಿಗಾದರೂ ಹೊಳೆಯುತ್ತದೆ. ಬೆವರು ಹರಿಯುವುದು ಸಾಲದ ಹತ್ತಿರ.

ಹೆಚ್ಚಿನವರು ಇಲ್ಲಿ ಮೀಸೆ ಹೊತ್ತ ಒಬ್ಬ ಸಾವ್ಕಾರನನ್ನು ತಂದು ಕೂರಿಸುತ್ತಾರೆ. ಅವನು ಸಿನಿಮಾದಿಂದ ಬಂದವನು. ಇವತ್ತಿನ ಹಳ್ಳಿಯಲ್ಲಿ ಸಾಲ ಹೇಗೆ ನಡೆಯುತ್ತದೆ ಅಂತ ಹೋಗಿ ನೋಡಿ. ಮೈಕ್ರೋ ಫೈನಾನ್ಸಿನವರು ಹೆಂಗಸರ ಗುಂಪು ಮಾಡಿ ಸಾಲ ಕೊಡುತ್ತಾರೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರ ಮೇಲೆ ಬರುತ್ತದೆ. ವಸೂಲಿಯ ಹುಡುಗ ಬೈಕ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತಿರುತ್ತಾನೆ, ಮಾತು ಜೋರು ಮಾಡುವವಳು ಪಕ್ಕದ ಮನೆ ಅಕ್ಕ. ಈ ಕಿರುಕುಳ ಎಷ್ಟಾಗಿತ್ತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅಂದರೆ ಇವತ್ತಿನ ಧನಿಯಾ ಹೆದರುವುದು ಜತೆಗೆ ತೊಗರಿ ಕೊಯ್ಯಲು ಬರುವ ಗೆಳತಿಗೆ. ಇದು ಪ್ರೇಮಚಂದರು ಬರೆಯದ ಕತೆ, ನೀವು ಬರೆಯಬೇಕಾದ ಕತೆ.

ಅಮೆರಿಕದ ಲೇಖಕಿ ಬಾರ್ಬರಾ ಕಿಂಗ್‌ಸಾಲ್ವರ್ ಮಾಡಿದ್ದೂ ಹೀಗೇ. ಡಿಕನ್ಸನ ಡೇವಿಡ್ ಕಾಪರ್‌ಫೀಲ್ಡನನ್ನು ಅಮೆರಿಕದ ವರ್ಜೀನಿಯಾದ ಬೆಟ್ಟಗಳ ಕಡೆಗೆ ಒಯ್ದರು. ಅಲ್ಲಿ ಹುಡುಗರನ್ನು ತಿನ್ನುತ್ತಿದ್ದದ್ದು ನೋವಿನ ಮಾತ್ರೆಯ ಚಟ. ಅದನ್ನೇ ನಡುವೆ ಇಟ್ಟು 2022ರಲ್ಲಿ ‘ಡೀಮನ್ ಕಾಪರ್‌ಹೆಡ್’ ಬರೆದರು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಆ ಇಪ್ಪತ್ತಾಣೆಗೆ ಬರೋಣ. ಎಲ್ಲರಿಗೂ ಆ ದೃಶ್ಯವನ್ನು ಹಾಗೇ ಎತ್ತಿ ಇಡುವ ಆಸೆ. ಆಗುವುದಿಲ್ಲ. ಉದ್ಯೋಗ ಖಾತ್ರಿ ಕೂಲಿ ಇವತ್ತು ಕೈಗೆ ಬರುವುದಿಲ್ಲ, ಬ್ಯಾಂಕ್ ಖಾತೆಗೆ ಬರುತ್ತದೆ. ಧನಿಯಾಳ ಹತ್ತಿರ ಇರುವುದು ಒಂದು ಪಾಸ್‌ಬುಕ್ಕು. “ರೊಕ್ಕ ಬ್ಯಾಂಕಿನಾಗ ಅದರಿ, ನನ್ ಕೈಯಾಗ ಏನಿಲ್ಲ” ಅನ್ನುತ್ತಾಳೆ. ಹೆಣದ ಕೈಯ ಮೇಲೆ ಪಾಸ್‌ಬುಕ್ ಇಡಲಾಗುತ್ತದಾ? ಇಟ್ಟರೆ ಓದುವವರು ನಗುತ್ತಾರೋ ಅಳುತ್ತಾರೋ? ಇಂಥ ಕಡೆ ಹಳೆ ದೃಶ್ಯ ಮುರಿಯುತ್ತದೆ. ಮುರಿಯಲಿ ಬಿಡಿ, ಹೊಸದು ಅಲ್ಲಿಂದಲೇ ಹುಟ್ಟುತ್ತದೆ.

ಗೋದಾನ ಅನ್ನುವ ವಿಧಿಯೂ ಹಾಗೇ ಬರುವುದಿಲ್ಲ. ನಿಮ್ಮ ಹೋರಿ ಲಿಂಗಾಯತನಾದರೆ ಮನೆಗೆ ಬರುವವರು ಅಯ್ಯನೋರು, ಖರ್ಚು ಬೀಳುವುದು ಶಿವಗಣಾರಾಧನೆಯ ಊಟಕ್ಕೆ. ಕುರುಬನಾದರೆ, ಮಾದಿಗನಾದರೆ, ಮುಸಲ್ಮಾನನಾದರೆ ಬೇರೆ. ಹಾಗಾಗಿ ಜಾತಿಯನ್ನು ಮೊದಲ ದಿನವೇ ತೀರ್ಮಾನ ಮಾಡಿ. ಬಹಳ ಜನ ‘ಒಬ್ಬ ಬಡ ರೈತ’ ಅಂತ ಬರೆದು ತಪ್ಪಿಸಿಕೊಳ್ಳುತ್ತಾರೆ. ಪ್ರೇಮಚಂದರು ತಪ್ಪಿಸಿಕೊಳ್ಳಲಿಲ್ಲ. ಬಡ್ಡಿಯ ಲೆಕ್ಕ ಗೋಬರ್ ಸರಿಯಾಗಿಯೇ ಹಾಕಿದರೂ, ಬ್ರಾಹ್ಮಣನ ದುಡ್ಡು ಅನ್ನುವ ಹೆದರಿಕೆಗೆ ಹೋರಿ ದಾತಾದೀನ ಕೇಳಿದಷ್ಟಕ್ಕೂ ತಲೆಯಾಡಿಸುತ್ತಾನೆ. ಜಾತಿ ತೆಗೆದರೆ ಆ ದೃಶ್ಯವೇ ಇಲ್ಲ.

ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೋರಿಗೆ ಹೊನ್ನಪ್ಪ, ಧನಿಯಾಗೆ ದಾನಮ್ಮ ಅಂತ ಅಕ್ಷರ ಹೊಂದಿಸುವುದು ಪದಬಂಧದ ಕೆಲಸ. ಊರಿನ ಮತದಾರರ ಪಟ್ಟಿಯಲ್ಲಿ ಯಾವ ಹೆಸರು ಹೆಚ್ಚೋ ಅದು ಇಡಿ.

ಮಾತು ಮಾತ್ರ ಕಿವಿಯಲ್ಲಿ ಕೇಳಿ ಬರೆಯಿರಿ. ಉತ್ತರ ಕರ್ನಾಟಕ ಅಂತ ಎಲ್ಲರ ಬಾಯಲ್ಲೂ ‘ಐತಿ’ ತುರುಕಿದರೆ ನಮ್ಮ ಕಡೆಯವರು ಪುಸ್ತಕ ಕೆಳಗಿಡುತ್ತಾರೆ. ಅದು ಧಾರವಾಡದ್ದು, ನಮ್ಮದು ‘ಅದ’. ಬೀದರಿಗೆ ಹೋದರೆ ಮರಾಠಿ, ಉರ್ದು ಇನ್ನೂ ಜಾಸ್ತಿ ಬೆರೆಯುತ್ತವೆ. ನಿರೂಪಣೆ ಶಿಷ್ಟದಲ್ಲಿರಲಿ, ಮಾತು ಊರಿನದಿರಲಿ. ಇಡೀ ಕಾದಂಬರಿ ಆಡುಮಾತಿನಲ್ಲಿ ಬರೆಯುವ ತಾಕತ್ತು ಕೆಲವರಿಗಿದೆ. ನಿಮಗಿದೆಯೋ ಇಲ್ಲವೋ ಹತ್ತು ಪುಟ ಬರೆದರೆ ಗೊತ್ತಾಗುತ್ತದೆ.

ಮುಂದಿನ ಭಾಗ ಬರೆಯುವವರಿಗೆ ಒಂದು ಮಾತು. ಮೊದಲ ಅಧ್ಯಾಯದಲ್ಲಿ ಹಳೆ ಕಾದಂಬರಿಯ ಸಾರಾಂಶ ಬೇಡ. ಹಿಂದಿನದು ಸಾಲದ ಚೀಟಿಯಿಂದಲೋ ಜಗಳದಿಂದಲೋ ತಾನೇ ಹೊರಗೆ ಬರಲಿ. ಬರೆದಾದ ಮೇಲೆ ಮೂಲವನ್ನು ಓದದ ಒಬ್ಬರಿಗೆ ಕೊಡಿ. “ಇದೇನು, ಯಾರಿವರು?” ಅಂತ ಅವರು ಕೇಳಿದ ಕಡೆ ಗುರುತು ಹಾಕಿಕೊಂಡು ಮತ್ತೆ ಬರೆಯಿರಿ.

ಇನ್ನು ಹಕ್ಕಿನ ವಿಚಾರ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದು. ಎಣಿಕೆ ಮುಂದಿನ ಜನವರಿಯಿಂದ. ಪ್ರೇಮಚಂದರು ಹೋದದ್ದು 1936ರಲ್ಲಿ, ಬಂಗಾಳಿಯ ಶರತ್‌ಚಂದ್ರರು 1938ರಲ್ಲಿ. ಇಬ್ಬರ ಕತೆಗಳೂ ಈಗ ಎಲ್ಲರವು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು, ಧಾರಾಳವಾಗಿ ಮುಟ್ಟಬಹುದು, ಯಾರೂ ಯಾಕೆ ಮುಟ್ಟುತ್ತಿಲ್ಲ ಅಂತ ನನಗೆ ಆಶ್ಚರ್ಯ. ಕುವೆಂಪು 1994ರಲ್ಲಿ ಹೋದರು, 2054ರ ಕೊನೆಯ ತನಕ ಒಪ್ಪಿಗೆ ಬೇಕು. ಕಾರಂತರದು 2057ರ ಕೊನೆಯ ತನಕ. ಚೋಮನ ಮಗಳು ಬೆಳ್ಳಿಯ ಬಗ್ಗೆ ಬರೆಯುವ ಆಸೆ ಇದ್ದರೆ ಮೊದಲು ಕಾಗದ ಬರೆದು ಕೇಳಿ. ಇನ್ನೊಂದು, ಮೂಲದ ಹಕ್ಕು ಮುಗಿದರೂ ಕನ್ನಡ ಅನುವಾದಕ್ಕೆ ಬೇರೆ ಹಕ್ಕಿರುತ್ತದೆ. ‘ಗೋದಾನ’ದ ಕನ್ನಡ ಸಾಲುಗಳನ್ನು ಹಾಗೇ ಎತ್ತಬೇಡಿ. ಕಾನೂನು ಕೇಳದಿದ್ದರೂ ಶೀರ್ಷಿಕೆ ಪುಟದಲ್ಲಿ ಮೂಲದ ಹೆಸರು ಹಾಕಿ, ಮರ್ಯಾದೆಯ ಮಾತು ಅದು.

ಕೊನೆಯದು ನನ್ನ ಕಸುಬಿನ ಮಾತು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದು ಫೋನಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ. ಪತ್ರಿಕೆಗೆ ಕಳಿಸುವುದಾದರೆ ಮೊದಲೇ ಯೂನಿಕೋಡ್, ಅಂದರೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಅಕ್ಷರ, ಅಂತ ಹೇಳಿ ಮಾಡಿಸಿ. ಆಮೇಲೆ ಪರಿವರ್ತನೆ ಮಾಡಿದರೆ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಅವನ್ನು ಹುಡುಕಿ ಸರಿಮಾಡುವುದಕ್ಕೆ ನಾವು ಬೇರೆ ದುಡ್ಡು ತಗೊಳ್ಳುತ್ತೇವೆ.