ಬೆರಳು ಬಿಟ್ಟು ಭುಜದಿಂದ ಬರೆಯಲು ಕಲಿತೆ

ಮೈಸೂರು ಶೈಲಿಯ ಚಿತ್ರದಲ್ಲಿ ಎಲ್ಲವೂ ಬೆರಳ ತುದಿಯ ಕೆಲಸ. ಬಿಳಿ ಪುಡಿಗೆ ಅಂಟು ಬೆರೆಸಿ ಹದ ಮಾಡಿ, ಸಣ್ಣ ಕುಂಚದಲ್ಲಿ ದೇವಿಯ ಒಡವೆಗೆ ಚುಕ್ಕಿ ಚುಕ್ಕಿಯಾಗಿ ಇಡಬೇಕು. ಒಣಗಿದ ಮೇಲೆ ಅದು ತುಸುವೇ ಉಬ್ಬಿ ನಿಲ್ಲುತ್ತದೆ. ಅದರ ಮೇಲೆ ಚಿನ್ನದ ರೇಕು ಕೂರುತ್ತದೆ. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹದಿನಾಲ್ಕು ವರ್ಷ ನಾನು ಮಾಡಿದ್ದು ಅದನ್ನೇ. ಮೊದಲಿಂದಲೂ ನನಗೆ ಮಾತು ಕಡಿಮೆ. ದಿನಕ್ಕೆ ಐದಾರು ಗಂಟೆ ಒಬ್ಬಳೇ ಕೂತಿರುವುದು ನನಗೆ ಕಷ್ಟ ಅನಿಸಿದ್ದೇ ಇಲ್ಲ.

2016ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಲು ಆಗಲಿಲ್ಲ. ಕತ್ತರಿಯೊಳಗೆ ಬೆರಳೇ ಹೋಗಲಿಲ್ಲ. ಚಳಿಗೆ ಹೀಗಾಗಿದೆ ಅಂದುಕೊಂಡೆ. ಹನ್ನೊಂದು ಗಂಟೆ ಹೊತ್ತಿಗೆ ಕೈ ಸಡಿಲವಾಯಿತು. ಮಾರನೇ ದಿನ ಮತ್ತೆ ಹಾಗೇ. ಪಕ್ಕದ ಮನೆಯವರು "ವಾಯು ಅಷ್ಟೇ, ಆಲೂಗಡ್ಡೆ ಬದನೆಕಾಯಿ ಬಿಡಿ" ಅಂದರು. ಬಿಟ್ಟೆ. ಒಂದು ಕ್ಲಿನಿಕ್‌ನಲ್ಲಿ ವಿಟಮಿನ್ ಕೊರತೆ ಅಂದರು. ಹತ್ತು ತಿಂಗಳು ಅದರ ಮಾತ್ರೆ ನುಂಗಿದೆ. ಆ ಹತ್ತು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ. ಏಕೆಂದರೆ ನನಗೆ ನಿಜಕ್ಕೂ ಇದ್ದ ಕೀಲಿನ ಕಾಯಿಲೆಯಲ್ಲಿ ಔಷಧ ಬೇಗ ಶುರುವಾದಷ್ಟೂ ಕೀಲು ಉಳಿಯುತ್ತದೆ.

ಕೊನೆಗೆ ಕೀಲುಗಳ ಕಾಯಿಲೆ ನೋಡುವ ರುಮಟಾಲಜಿ ಡಾಕ್ಟರ್ ಒಬ್ಬರು ಕೇಳಿದರು: "ಬೆಳಿಗ್ಗೆ ಎದ್ದ ಮೇಲೆ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತಮ್ಮಾ?" ಅದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಎರಡು ಗಂಟೆ ಅಂದೆ. ರಕ್ತ ಪರೀಕ್ಷೆ ಆಯಿತು, ಎಕ್ಸ್-ರೇ ಆಯಿತು. ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾಗಿ ಕೀಲು ಸವೆಯುವ ನೋವು ಬೇರೆ, ಇದು ಬೇರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ನನ್ನ ಎರಡೂ ಕೈಯ ಒಂದೇ ಗೆಣ್ಣುಗಳು ಊದಿಕೊಂಡಿದ್ದವು. ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಅಂದರು.

ಆಗ ಒಂದು ರಾಜರಾಜೇಶ್ವರಿ ಚಿತ್ರ ಅರ್ಧ ಆಗಿತ್ತು. ಹದಿನೈದು ಸಾವಿರ ಮುಂಗಡ ತೆಗೆದುಕೊಂಡಿದ್ದೆ. ವಾಪಸ್ ಕೊಟ್ಟೆ. ಆ ಹಲಗೆ ಇನ್ನೂ ಗೋಡೆಗೆ ಒರಗಿದೆ. ದೇವಿಗೆ ಕಿರೀಟ ಇದೆ, ಬಳೆ ಇಲ್ಲ.

ಮಾತ್ರೆಯ ವಿಷಯ ಸ್ವಲ್ಪ ಹೇಳಬೇಕು. ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತೇನೆ. ಅದರ ಅಡ್ಡಪರಿಣಾಮ ತಗ್ಗಿಸಲು ಬೇರೆ ದಿನ ಫೋಲಿಕ್ ಆಸಿಡ್. ಆಗಾಗ ಲಿವರ್ ಮತ್ತು ರಕ್ತದ ಪರೀಕ್ಷೆ. ನನಗೆ ಮೆಥೊಟ್ರೆಕ್ಸೇಟನ್ನು ಶನಿವಾರ ರಾತ್ರಿಗೆ ಬರೆದುಕೊಟ್ಟಿದ್ದರು. ಭಾನುವಾರ ಪೂರ್ತಿ ಹೊಟ್ಟೆ ತೊಳಸುತ್ತಿತ್ತು, ತಲೆ ಎತ್ತಲು ಆಗುತ್ತಿರಲಿಲ್ಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುವುದೂ ಭಾನುವಾರವೇ. 2003ರಲ್ಲಿ ಶುರುವಾದ ಸಂತೆ ಅದು. ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕೂರುವುದೇ ನನಗೆ ದೊಡ್ಡ ವ್ಯಾಪಾರವಾಗಿತ್ತು. ಒಂದು ವರ್ಷ ತಂಗಿ ನನ್ನ ಬದಲು ಕೂತಳು. ಆಮೇಲೆ ಡಾಕ್ಟರನ್ನು ಕೇಳಿ ಮಾತ್ರೆಯನ್ನು ಬುಧವಾರಕ್ಕೆ ಹಾಕಿಸಿಕೊಂಡೆ. ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ಗುರುವಾರ ನನ್ನ ಮಲಗುವ ದಿನ. ಆ ದಿನ ಫೋನೂ ಎತ್ತುವುದಿಲ್ಲ. ಕೆಲವರು ಇದನ್ನು ಗರ್ವ ಅಂದುಕೊಂಡಿದ್ದಾರೆ. ಇರುವ ಶಕ್ತಿಯಲ್ಲಿ ಮಾತಿಗೆ ಎಷ್ಟು, ಕೆಲಸಕ್ಕೆ ಎಷ್ಟು ಅಂತ ಎಣಿಸಲೇಬೇಕಲ್ವಾ?

ಕೈಗೆ ಏನೇನು ಮಾಡಿದೆ? ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಎರಡೂ ಕೈ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತುಂಡು ಮಾಡಿ ಕುಂಚಕ್ಕೆ ತೊಡಿಸಿದೆ. ಹಿಡಿ ದಪ್ಪ ಇದ್ದಷ್ಟೂ ಬೆರಳು ಕಡಿಮೆ ಮಡಚಬೇಕು. ನೋವು ನಿಜಕ್ಕೂ ಕಡಿಮೆಯಾಯಿತು. ಆದರೆ ಚುಕ್ಕಿಯ ಕೆಲಸ ವಾಪಸ್ ಬರಲಿಲ್ಲ. ಅಂಟು ಒಣಗುವ ಮೊದಲು ಒಂದೇ ಸಮನೆ ಕೂರಬೇಕು. ನನ್ನ ಕೈ ಕೊಡುವುದು ಇಪ್ಪತ್ತು ನಿಮಿಷ. ಎರಡು ವರ್ಷ ಇದನ್ನು ಒಪ್ಪಿಕೊಳ್ಳದೆ ತುಂಬ ಅತ್ತಿದ್ದೇನೆ.

ದಾರಿ ಸಿಕ್ಕಿದ್ದು ಫ್ರೆಂಚ್ ಚಿತ್ರಕಾರ ರೆನ್ವಾ ಬಗ್ಗೆ ಓದಿದಾಗ. ಅವರಿಗೂ ಇದೇ ಕಾಯಿಲೆ. 1919ರಲ್ಲಿ ತೀರಿಕೊಳ್ಳುವವರೆಗೂ ಬಣ್ಣ ಹಚ್ಚುತ್ತಿದ್ದರು. ತೋಳು ದೂರ ಚಾಚಲು ಆಗದೆ ಹೋದಾಗ, ಕ್ಯಾನ್ವಾಸನ್ನೇ ಉರುಳೆಗೆ ಸುತ್ತಿ ತಮ್ಮ ಮುಂದೆ ಸರಿಸಿಕೊಳ್ಳುತ್ತಿದ್ದರಂತೆ. ನಮ್ಮ ಬೀದಿಯ ಬಡಗಿಗೆ ಚೀಟಿಯ ಮೇಲೆ ಬರೆದು ತೋರಿಸಿದೆ. ಓರೆ ಹಲಗೆ, ಎರಡು ಬದಿಗೆ ಪಿವಿಸಿ ಪೈಪು, ತಿರುಗಿಸಲು ದಪ್ಪ ಹಿಡಿ. "ಸೀರೆ ನೇಯ್ತೀರಾ ಅಕ್ಕಾ?" ಅಂತ ಕೇಳಿದರು. ಬಹಳ ಚೆನ್ನಾಗಿ ಮಾಡಿಕೊಟ್ಟರು.

ಅದರ ಮೇಲೆ ಮೂವತ್ತು ಅಡಿ ಕಾಗದ ಸುತ್ತಿದೆ. ಕುಂಚದ ಬದಲು ದಪ್ಪ ಚಾರ್ಕೋಲ್ ತುಂಡು. ಅಂಗೈಯಲ್ಲಿ ಹಿಡಿದು, ಮಣಿಕಟ್ಟು ಅಲುಗಿಸದೆ, ಭುಜದಿಂದ ಎಳೆಯುತ್ತೇನೆ. ಮೊದಲ ಆರು ತಿಂಗಳು ಗೆರೆ ಮಗುವಿನ ಗೆರೆಯ ಹಾಗೆ ಹೋಗುತ್ತಿತ್ತು. ಹದಿನಾಲ್ಕು ವರ್ಷದ ಅಭ್ಯಾಸ ಬೆರಳಿನಲ್ಲಿತ್ತು, ಭುಜಕ್ಕೆ ಏನೂ ಗೊತ್ತಿರಲಿಲ್ಲ. ಚಾರ್ಕೋಲ್ ಉದುರದಂತೆ ಸಿಂಪಡಿಸುವ ಡಬ್ಬಿಯ ಗುಂಡಿ ಒತ್ತಲು ಈಗಲೂ ಆಗುವುದಿಲ್ಲ. ಸಂಜೆ ಮಗಳು ಬಂದು ಒತ್ತುತ್ತಾಳೆ.

ಬರೆಯುತ್ತಿರುವುದು ಲಾಲ್‌ಬಾಗ್ ಬಂಡೆಯನ್ನು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಮೇಲೆ ಕೆಂಪೇಗೌಡ ಗೋಪುರ ಇದೆ. ಹತ್ತಲು ನನ್ನ ಮೊಣಕಾಲು ಬಿಡುವುದಿಲ್ಲ, ಕೆಳಗೇ ಕೂರುತ್ತೇನೆ. ವಾರದ ನಡುವೆ, ಹನ್ನೊಂದರ ಮೇಲೆ ಆಟೋದಲ್ಲಿ ಹೋದರೆ ಜನ ಕಡಿಮೆ, ಕೈಯೂ ಸಡಿಲವಾಗಿರುತ್ತದೆ. ಚಿಕ್ಕ ಪುಸ್ತಕದಲ್ಲಿ ಹದಿನೈದು ನಿಮಿಷ ಗುರುತು ಮಾಡಿಕೊಂಡು ಬರುತ್ತೇನೆ. ಮಳೆ ನಿಂತ ಮೇಲೆ ಆ ಕಲ್ಲಿನ ಮೇಲೆ ನೀರು ಇಳಿದ ಕಪ್ಪು ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳಿಗೆ ಭುಜದ ಗೆರೆಯೇ ಸರಿ. ಬೆರಳಿನಿಂದ ನಾನು ಅದನ್ನು ಎಂದೂ ಬರೆಯುತ್ತಿರಲಿಲ್ಲ.

ಹನ್ನೊಂದು ಅಡಿ ಆಗಿದೆ. ಮುಗಿದದ್ದು ಎಡಗಡೆ ಪೈಪಿಗೆ ಸುತ್ತಿಕೊಂಡಿದೆ. ಪೂರ್ತಿ ಬಿಚ್ಚಿ ನೋಡಲು ನಮ್ಮ ಮನೆಯಲ್ಲಿ ಅಷ್ಟು ಉದ್ದದ ಗೋಡೆ ಇಲ್ಲ. ನಾಳೆ ಶುಕ್ರವಾರ. ಕೈ ಸಡಿಲವಾದರೆ ಬಂಡೆಯ ಬಿರುಕಿನಲ್ಲಿ ಬೆಳೆದಿರುವ ಹುಲ್ಲಿನ ಹತ್ತಿರ ಶುರು ಮಾಡಬೇಕು.