ತರಗೆಲೆ ಕೂಡಿಟ್ಟ ಮೇಲೆ ಕಸದ ಬುಟ್ಟಿ ಹಗುರಾಯಿತು

ಎಲೆ ಉದುರುವ ಕಾಲ ಬಂತೆಂದರೆ ಕಸ ಜಾಸ್ತಿ ಆಯ್ತು ಅಂತ ಎಲ್ಲರೂ ಗೊಣಗುತ್ತಾರೆ. ನನ್ನ ಅನುಭವ ಉಲ್ಟಾ. ನಮ್ಮ ಮನೆಯಿಂದ ಹೊರಗೆ ಹೋಗುವ ಕಸ ಇಳಿಯಲು ಶುರುವಾಗುವುದೇ ಈ ಕಾಲದಲ್ಲಿ. ಅಡುಗೆಮನೆ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು ಬೇಕಾದ ಮುಖ್ಯ ಸಾಮಾನು ಈಗ ಮರದಿಂದ ಪುಕ್ಕಟೆ ಬೀಳುತ್ತಿರುತ್ತದೆ. ಅದನ್ನು ಗುಡಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕಸದ ಗಾಡಿಗೆ ಹಾಕಿ, ಆಮೇಲೆ ಕೆಲವು ತಿಂಗಳು ಕಳೆದು ಗೊಬ್ಬರದ ಡಬ್ಬ ನಾರುತ್ತಿದೆ ಅಂತ ಮೂಗು ಮುಚ್ಚಿಕೊಳ್ಳುವುದು ಯಾವ ಲೆಕ್ಕ ಹೇಳಿ?

ಗೊಬ್ಬರದ ಡಬ್ಬ ನಾರುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ. ಹಸಿ ಕಸ ಜಾಸ್ತಿ, ಒಣ ಪದಾರ್ಥ ಕಡಿಮೆ. ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೆಲಸ ಸಲೀಸು. ಸಿಪ್ಪೆ, ಮಿಕ್ಕಿದ ಅನ್ನ-ತರಕಾರಿಯಂಥ ಅಡುಗೆಮನೆ ಕಸದಲ್ಲಿ ಇಂಗಾಲ ಅಷ್ಟಿರುವುದಿಲ್ಲ, ಸುಮಾರು 15ರಿಂದ 20 ಪಾಲು. ಮೇಲಾಗಿ ಅದು ಬರೀ ನೀರು. ಒಂದರ ಮೇಲೊಂದು ಬಿದ್ದು ಒತ್ತಿಕೊಂಡು, ಗಾಳಿ ಆಡದೆ ಕೊಳೆತು, ಹುಳಿ ವಾಸನೆ ಹೊಡೆಯುತ್ತದೆ. ತರಗೆಲೆಯಲ್ಲಿ ಮರದ ಜಾತಿ ನೋಡಿ 40ರಿಂದ 80 ಪಾಲಿನವರೆಗೂ ಇಂಗಾಲ ಇರುತ್ತದೆ. ಏಕೆಂದರೆ ಮರ ಎಲೆಯನ್ನು ಸುಮ್ನೆ ಬಿಸಾಡುವುದಿಲ್ಲ. ಉದುರಿಸುವ ಮೊದಲು ಅದರಲ್ಲಿರುವ ಸಾರಜನಕ, ರಂಜಕದಲ್ಲಿ ದೊಡ್ಡ ಪಾಲನ್ನು ವಾಪಸ್ ಎಳೆದುಕೊಳ್ಳುತ್ತದೆ, ಆಮೇಲೆ ತೊಟ್ಟಿನ ಬುಡದಲ್ಲಿ ತೆಳುವಾದ ಪದರ ಬೆಳೆದು ಎಲೆ ಕಳಚಿ ಬೀಳುತ್ತದೆ. ಮರಕ್ಕೆ ಬೇಡವಾಗಿದ್ದು ನಮ್ಮ ಡಬ್ಬಕ್ಕೆ ಬೇಕಾಗಿದ್ದು.

ಹಾಗಾಗಿ ನಾನು ಮಾಡುವ ದೊಡ್ಡ ಕೆಲಸ ಎಲೆ ಕೂಡಿಡುವುದು. ವರ್ಷಕ್ಕಾಗುವಷ್ಟು. ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆ ಗುಡಿಸುತ್ತೇನೆ, ಬೆಳಿಗ್ಗೆ ಬೆಳಿಗ್ಗೆ ಗುಡಿಸಿದರೆ ಎಲೆ ತೇವ ಇರುತ್ತದೆ, ಚೀಲದೊಳಗೇ ಬೂಸ್ಟು ಹಿಡಿಯುತ್ತದೆ. ಕೈಯಲ್ಲಿ ಹಿಡಿದು ಹಿಸುಕಿದಾಗ ಚರಚರ ಅಂತ ಪುಡಿಯಾಗಬೇಕು. ಹಾಗಾಗುವ ಎಲೆ ಗೋಣಿಚೀಲಕ್ಕೆ. ಚೀಲದೊಳಗೆ ಕಾಲಿಟ್ಟು ತುಳಿದರೆ ಎಷ್ಟು ಇಳಿಯುತ್ತದೆ ಅಂದರೆ ತುಂಬಿದ ಚೀಲ ಅರ್ಧವೂ ಇರುವುದಿಲ್ಲ, ಮತ್ತೆ ತುಂಬಬೇಕು. ಮಕ್ಕಳಿದ್ದರೆ ಈ ಕೆಲಸ ಅವರಿಗೇ ಬಿಡಿ. ತುಳಿದು ಚೂರಾದ ಎಲೆ ಬೇಗ ಕೊಳೆಯುತ್ತದೆ ಅನ್ನುವುದು ಇನ್ನೊಂದು ಲಾಭ. ಇಡಿ ಎಲೆಗಳು ಒದ್ದೆಯಾದರೆ ಒಂದಕ್ಕೊಂದು ಅಂಟಿಕೊಂಡು ಹಾಳೆಯಂತೆ ಕೂರುತ್ತವೆ, ಮಧ್ಯೆ ಗಾಳಿಯೂ ಇಲ್ಲ ನೀರೂ ಇಲ್ಲ. ಚೀಲಗಳನ್ನು ಮಳೆ ತಾಗದ ಜಾಗದಲ್ಲಿ, ನೆಲಕ್ಕೆ ಮುಟ್ಟದ ಹಾಗೆ ಇಡುತ್ತೇನೆ. ಬೆಂಕಿ ಉರಿಯುವ ಒಲೆ, ಗೀಸರ್ ಹತ್ತಿರ ಬೇಡವೇ ಬೇಡ. ಮನೆಯವರಿಗೆ ಈ ಚೀಲದ ಸಾಲು ಕಂಡರೆ ಆಗುವುದಿಲ್ಲ, ಅದು ಬೇರೆ ವಿಷಯ.

ಡಬ್ಬಕ್ಕೆ ಹಾಕುವ ಲೆಕ್ಕವನ್ನು ತೂಕದಲ್ಲಿ ಮಾಡಲು ಹೋಗಬೇಡಿ, ತಲೆ ಕೆಡುತ್ತದೆ. ಒಂದು ಬಟ್ಟಲು ಹಸಿ ಕಸಕ್ಕೆ ಅದೇ ಬಟ್ಟಲಿನಲ್ಲಿ ಎರಡರಿಂದ ಮೂರು ಬಟ್ಟಲು ಎಲೆ. ತಳದಲ್ಲಿ ಸಣ್ಣ ಕಡ್ಡಿಗಳನ್ನು ಅಡ್ಡಡ್ಡ ಹಾಕಿರುತ್ತೇನೆ, ಗಾಳಿ ಆಡಲಿ ಅಂತ. ಹಸಿ ಕಸ ಯಾವತ್ತೂ ಮೇಲೆ ಕಾಣಬಾರದು. ಕೊನೆಯ ಪದರ ಎಲೆಯದೇ. ಇಷ್ಟು ಪಾಲಿಸಿದರೆ ನೊಣ, ವಾಸನೆ ಎರಡೂ ಮಾಯ. ವಾರಕ್ಕೊಮ್ಮೆ ಕೆದಕಿ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡುತ್ತೇನೆ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ಸರಿ ಇದೆ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು. ಹಿಂಡಿದ ಉಂಡೆ ಕೈ ಬಿಟ್ಟ ಕೂಡಲೇ ಉದುರಿ ಹೋದರೆ ನೀರು ಚಿಮುಕಿಸಬೇಕು. ಇದಕ್ಕಿಂತ ಒಳ್ಳೆ ಮೀಟರ್ ನನಗೆ ಸಿಕ್ಕಿಲ್ಲ.

ಒಂದು ಎಚ್ಚರ. ದೊಡ್ಡ ರಾಶಿ ಸರಿಯಾಗಿ ಕಾದರೆ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ, ಆ ಬಿಸಿಗೆ ರೋಗದ ಬೀಜಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ. ಮನೆ ಡಬ್ಬ ಚಿಕ್ಕದು, ಅಷ್ಟು ಬಿಸಿ ನಿಲ್ಲುವುದಿಲ್ಲ. ಅದಕ್ಕೇ ಕಪ್ಪು ಚುಕ್ಕೆ, ಬಿಳಿ ಬೂದಿ ಹಿಡಿದ ಎಲೆಗಳನ್ನು ನಾನು ಆರಿಸಿ ಬೇರೆ ಹಾಕುತ್ತೇನೆ. ಮಾಂಸ, ಮೂಳೆ, ಜಿಡ್ಡು ಕೂಡ ಡಬ್ಬಕ್ಕಿಲ್ಲ. ರಸ್ತೆ ಬದಿ ಎಲೆ ತಂದರೆ ಅದರಲ್ಲಿ ಚಾಕಲೇಟ್ ಕಾಗದ, ಸಿಗರೇಟು ತುಂಡು ಇದ್ದೇ ಇರುತ್ತದೆ, ಒಮ್ಮೆ ಹರವಿ ನೋಡುವುದು ಒಳ್ಳೆಯದು.

ಒದ್ದೆ ಎಲೆ ಏನು ಮಾಡುವುದು ಅಂತ ಕೇಳುತ್ತೀರಿ. ಅದನ್ನು ಒಣಗಿಸುವ ತಾಪತ್ರಯ ಬೇಡ. ತೋಟದ ಮೂಲೆಯಲ್ಲಿ ತಂತಿ ಬಲೆಯನ್ನು ಸುಮಾರು ಒಂದು ಮೀಟರ್ ಅಗಲಕ್ಕೆ ಗುಂಡಗೆ ಸುತ್ತಿ ಅದರೊಳಗೆ ಒದ್ದೆ ಎಲೆಗಳನ್ನೇ ತುಂಬಿ ಮರೆತುಬಿಡುತ್ತೇನೆ. ಇದು ಡಬ್ಬದ ಗೊಬ್ಬರದ ಹಾಗಲ್ಲ. ಇಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಶಿಲೀಂಧ್ರಗಳು, ಅವಕ್ಕೆ ಬಿಸಿಯೂ ಬೇಡ ಹಸಿ ಕಸವೂ ಬೇಡ, ತೇವ ಇದ್ದರೆ ಸಾಕು, ಆದರೆ ಅವಸರವಿಲ್ಲ. ಒಂದು ವರ್ಷಕ್ಕೆ ಗಿಡದ ಬುಡಕ್ಕೆ ಹೊದಿಸುವಂತಾಗುತ್ತದೆ. ಎರಡು ವರ್ಷ ಬಿಟ್ಟರೆ ಕಪ್ಪಗೆ ನುಣ್ಣಗೆ, ಕಾಡಿನ ನೆಲದ ವಾಸನೆ. ಪೋಷಕಾಂಶ ಇದರಲ್ಲಿ ಅಷ್ಟಕ್ಕಷ್ಟೇ. ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಮಾತ್ರ ಎತ್ತಿದ ಕೈ, ಕುಂಡದ ಮಣ್ಣಿಗೆ ಬೆರೆಸಿದರೆ ಗಿಡ ಬೇಗ ಬಾಡುವುದಿಲ್ಲ. ಮೇಣದ ಹೊಳಪಿರುವ ದಪ್ಪ ಎಲೆ, ಪೈನ್ ಸೂಜಿ ಎಲೆ ಇವೆಲ್ಲ ಕೊಳೆಯಲು ಇನ್ನೂ ತಡ. ಅವುಗಳಿಗೆ ಬೇರೆ ಗೂಡು ಮಾಡಿದ್ದೇನೆ.

ಎಲ್ಲವನ್ನೂ ಗುಡಿಸುವುದಿಲ್ಲ, ಇದನ್ನೂ ಹೇಳಬೇಕು. ಪೊದೆಗಳ ಕೆಳಗೆ ಬಿದ್ದಿದ್ದು ಅಲ್ಲೇ ಇರಲಿ. ಎಷ್ಟೋ ಪತಂಗ, ಚಿಟ್ಟೆಗಳ ಹುಳು-ಕೋಶಗಳು ಚಳಿಗಾಲ ಕಳೆಯುವುದು ಆ ತರಗಿನಡಿಯಲ್ಲೇ. ಕಾಂಡಕ್ಕೆ ಒತ್ತದ ಹಾಗೆ ಬುಡದಿಂದ ಸ್ವಲ್ಪ ಸರಿಸಿದರೆ ಆಯಿತು. ಕಾಲುದಾರಿ ಮತ್ತು ಚರಂಡಿ ಬಾಯಿ ಮಾತ್ರ ತಪ್ಪದೆ ಗುಡಿಸಿ. ಒದ್ದೆ ಎಲೆ ಮೇಲೆ ಜಾರಿ ಬೀಳುವುದು ಒಂದು ಕಡೆ, ಚರಂಡಿ ಕಟ್ಟಿಕೊಳ್ಳುವುದು ಇನ್ನೊಂದು ಕಡೆ. ಸುಡುವ ಮಾತಂತೂ ಎತ್ತಲೇಬೇಡಿ. ಅರೆ ಒದ್ದೆ ಎಲೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ, ಆ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕಿಳಿಯುವ ಸಣ್ಣ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಇರುತ್ತವೆ, ಅಕ್ಕಪಕ್ಕದವರ ಬೈಗುಳವೂ ಸೇರಿಕೊಳ್ಳುತ್ತದೆ.

ಈಗ ಒಣ ಕಸದ ಮಾತು. ಈ ಕಾಲದಲ್ಲಿ ಮರುಬಳಕೆಗೆ ಹೋಗಬೇಕಾದ್ದು ಹಾಳಾಗುವುದು ಬಹುಪಾಲು ತೇವದಿಂದ. ರಟ್ಟಿನ ಡಬ್ಬಿಯನ್ನು ಹೊರಗಿಟ್ಟು ರಾತ್ರಿ ಒಂದು ಮಳೆ ಹೊಡೆಯಿತು ಅನ್ನಿ, ಬೆಳಿಗ್ಗೆ ಅದು ಮುದ್ದೆ. ಒದ್ದೆ ಕಾಗದದ ನಾರು ಬಲ ಕಳೆದುಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ, ಪಕ್ಕದಲ್ಲಿದ್ದ ಒಳ್ಳೆ ಕಾಗದಕ್ಕೂ ಅಂಟುತ್ತದೆ. ಅದಕ್ಕೆ ರಟ್ಟು ನಮ್ಮಲ್ಲಿ ಮನೆಯೊಳಗೇ ಇರುತ್ತದೆ. ಬಂದ ದಿನವೇ ಟೇಪ್ ಕಿತ್ತು, ಚಪ್ಪಟೆ ಮಾಡಿ, ಬೀರು ಪಕ್ಕ ನಿಲ್ಲಿಸಿ, ಕೊಡುವ ದಿನ ಮಾತ್ರ ಹೊರಗೆ. ತಿಂಡಿ ಬಂದ ಡಬ್ಬಿಯಾದರೆ ಜಿಡ್ಡಾಗದ ಮುಚ್ಚಳವನ್ನು ಹರಿದು ಕಾಗದದ ಜೊತೆ ಹಾಕುತ್ತೇನೆ. ಸ್ವಲ್ಪ ಕಲೆಯಾದ ತಳವನ್ನು ಚೂರು ಮಾಡಿ ಗೊಬ್ಬರದ ಡಬ್ಬಕ್ಕೆ. ಕೈ ಒರೆಸಿದ ಟಿಶ್ಯೂ ಕೂಡ ಅಲ್ಲಿಗೇ, ಅದರ ನಾರು ಎಷ್ಟು ಗಿಡ್ಡ ಅಂದರೆ ಮತ್ತೆ ಕಾಗದವಾಗುವುದಿಲ್ಲ. ಬಿಲ್ಲಿನ ನುಣುಪು ಚೀಟಿ ಎರಡಕ್ಕೂ ಬೇಡ. ಶಾಖಕ್ಕೆ ಅಕ್ಷರ ಮೂಡಿಸುವ ಆ ಕಾಗದಕ್ಕೆ ರಾಸಾಯನಿಕ ಲೇಪನ ಇರುತ್ತದೆ.

ಪ್ಲಾಸ್ಟಿಕ್ ವಿಷಯದಲ್ಲಿ ತ್ರಿಕೋನದ ಗುರುತು ನೋಡಿ ಮರುಳಾಗಬೇಡಿ. 1988ರಲ್ಲಿ ಬಂದ ಆ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ ಅಷ್ಟೇ, ಇದು ಮರುಬಳಕೆ ಆಗೇ ಆಗುತ್ತದೆ ಅನ್ನುವ ಮಾತು ಕೊಡುವುದಿಲ್ಲ. 1 ಮತ್ತು 2, ಅಂದರೆ ನೀರಿನ ಬಾಟಲಿ, ಶಾಂಪೂ ಡಬ್ಬಿಯಂಥವು ಸಾಮಾನ್ಯವಾಗಿ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ. ಉಳಿದವನ್ನು ನಿಮ್ಮಲ್ಲಿ ಕಸ ಒಯ್ಯುವವರನ್ನೇ ಕೇಳಬೇಕು. ಡಬ್ಬಿ ತೊಳೆಯಲು ಹೊಸ ನೀರು ಬಿಡುವ ಅಗತ್ಯವಿಲ್ಲ, ಪಾತ್ರೆ ತೊಳೆದ ಕೊನೆಯ ನೀರು ಸಾಕು. ಆಮೇಲೆ ಬೋರಲು ಹಾಕಿ ಒಣಗಿಸಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕೊಡಬೇಡಿ, ಬೇರ್ಪಡಿಸುವ ಯಂತ್ರದ ಚಕ್ರಗಳಿಗೆ ಆ ಚೀಲ ಸುತ್ತಿಕೊಂಡು ಕೆಲಸ ನಿಲ್ಲುತ್ತದೆ. ಕುಡಿಯುವ ಲೋಟ, ಓವನ್ ಗಾಜಿನ ಪಾತ್ರೆ ಒಡೆದರೆ ಬಾಟಲಿ ಗಾಜಿನ ಜೊತೆ ಸೇರಿಸಬೇಡಿ, ಅವು ಕರಗುವ ಶಾಖ ಬೇರೆ. ಅಲ್ಯೂಮಿನಿಯಂ ಕ್ಯಾನ್ ಮಾತ್ರ ಒಂದನ್ನೂ ಬಿಡಬೇಡಿ. ಅದಿರಿನಿಂದ ಹೊಸದು ಮಾಡುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಶೇ 95ರಷ್ಟು ಕಡಿಮೆ ಶಕ್ತಿ ಸಾಕು.

ಸಂಜೆ ಬೇಗ ಕತ್ತಲಾಗುವುದರಿಂದ ಟಾರ್ಚು, ಸಣ್ಣ ದೀಪ ಎಲ್ಲ ಹೊರಗೆ ಬರುತ್ತವೆ, ಸತ್ತ ಬ್ಯಾಟರಿಗಳೂ ಸಿಗುತ್ತವೆ. ಅವಕ್ಕೆ ಒಂದು ಬೇರೆ ಡಬ್ಬಿ ಇಡಿ. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ. ಕಸದ ಗಾಡಿಯಲ್ಲಿ ಅದುಮಿಕೊಂಡರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಉತ್ಪ್ರೇಕ್ಷೆ ಅಲ್ಲ.

ಬೆಚ್ಚನೆ ಬಟ್ಟೆ ತೆಗೆಯಲು ಬೀರು ಬಗೆಯುವಾಗ ಬೇಡದ ಬಟ್ಟೆಯೂ ಬರುತ್ತದಲ್ಲ. ತೊಡುವಂಥದ್ದು ಒಗೆದು, ಒಣಗಿಸಿ ಯಾರಿಗಾದರೂ. ಹರಿದ ಹತ್ತಿ ಬಟ್ಟೆ ಒರೆಸುವ ಬಟ್ಟೆ. ಗುಂಡಿ, ಜಿಪ್ಪು ಕತ್ತರಿಸಿ ಡಬ್ಬಿಗೆ. ಇದರಲ್ಲಿ ಹೊಸದೇನೂ ಇಲ್ಲ.

ಎಷ್ಟೇ ಗೊಬ್ಬರ ಮಾಡಿದರೂ ತಿನ್ನಬೇಕಾದ್ದು ಡಬ್ಬಕ್ಕೆ ಬಿದ್ದರೆ ಅದು ನಷ್ಟವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಶೇ 60ರಷ್ಟು ಮನೆಗಳಿಂದಲೇ. ಹೋಟೆಲು, ಅಂಗಡಿಗಳ ಮೇಲೆ ಬೆರಳು ತೋರಿಸುವುದು ಸುಲಭ ಅಲ್ವಾ. ನಾನು ಮಾಡುವುದು ಇಷ್ಟೇ, ಫ್ರಿಜ್ಜಿನಲ್ಲಿ ಕಣ್ಣಿಗೆ ನೇರವಾಗಿರುವ ತಟ್ಟೆ ಮಿಕ್ಕಿದ್ದಕ್ಕೆ ಮೀಸಲು, ಹೊಸದು ತಂದರೆ ಹಿಂದಕ್ಕೆ. ಗೊಬ್ಬರದ ಡಬ್ಬಕ್ಕೆ ಏನು ಬೀಳುತ್ತಿದೆ ಅಂತ ದಿನಾ ಕಣ್ಣಾರೆ ನೋಡುವುದರಿಂದ ಒಂದು ಉಪಕಾರ ಆಗಿದೆ. ಸಿಪ್ಪೆ ಬಿಟ್ಟು ಬೇಯಿಸಿದ್ದೇ ಕಾಣತೊಡಗಿದರೆ ಅಡುಗೆಯ ಅಳತೆ ಇಳಿಸಬೇಕು ಅಂತ ಗೊತ್ತಾಗುತ್ತದೆ.

ಅಂಗಳ ಇಲ್ಲದವರಿಗೂ ಇದು ಸಾಧ್ಯ. ಮುಚ್ಚಳವಿರುವ ಬಕೆಟ್ಟಿಗೆ ಸುತ್ತಲೂ, ತಳಕ್ಕೂ ತೂತು ಕೊರೆದು, ಕೆಳಗೊಂದು ತಟ್ಟೆ ಇಟ್ಟರೆ ಬಾಲ್ಕನಿಯಲ್ಲೇ ನಡೆಯುತ್ತದೆ. ಎಲೆಗೆ ಮರವಿರುವ ಮನೆಯವರನ್ನು ಕೇಳಿ. ಗುಡಿಸುವ ಕೆಲಸ ತಪ್ಪುತ್ತದೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ, ಚೀಲ ನೀವೇ ಒಯ್ಯಿರಿ ಅಷ್ಟೇ. ಮುಂದಿನ ಎಲೆ ಬೀಳುವ ಮೊದಲೇ ಚೀಲ ಖಾಲಿಯಾದರೆ ಬಣ್ಣದ ಹೊಳಪಿಲ್ಲದ ರಟ್ಟನ್ನು ಬೆರಳಗಲ ಚೂರು ಮಾಡಿ ಎಲೆಯ ಬದಲು ಹಾಕಿ, ಅದೂ ಇಂಗಾಲವೇ. ನೆನೆಸಿ ಹರಿದರೆ ಕೈ ನೋಯುವುದಿಲ್ಲ, ಆದರೆ ಡಬ್ಬಕ್ಕೆ ಹಾಕುವ ಮೊದಲು ಚೆನ್ನಾಗಿ ಹಿಂಡಿ.