ಯುಪಿಎಸ್ ಬ್ಯಾಟರಿ ಎಷ್ಟು ಗಂಟೆ ಬರುತ್ತೆ? ನೀವೇ ಲೆಕ್ಕ ಹಾಕಿ

ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಮನೆಯ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಮಾತ್ರ ನಿಮ್ಮ ಕೈಯಲ್ಲೇ ಇದೆ. ಚಾರ್ಜ್ ಬೇರೆ, ಕರೆಂಟ್ ಬೇರೆ ಎಂದು ತಿಳಿದರೆ ಸಾಕು.

ಮೊದಲು ಬ್ಯಾಟರಿಯ ಮೇಲೆ ಬರೆದಿರುವುದನ್ನು ನೋಡಿ. 12 ವೋಲ್ಟ್, 150 ಎಎಚ್ ಅಂತ ಇದೆ ಅಂದುಕೊಳ್ಳೋಣ. ಎಎಚ್ ಅಂದರೆ ಆಂಪಿಯರ್-ಅವರ್.

ಇದನ್ನು ಅಕ್ಕಿ ಮೂಟೆಗೆ ಹೋಲಿಸಬಹುದು. ಮೂಟೆಯಲ್ಲಿರುವ ಅಕ್ಕಿ ಚಾರ್ಜ್, ಶಾಲೆಯಲ್ಲಿ ಓದಿದ ವಿದ್ಯುದಾವೇಶ. ದಿನಕ್ಕೆ ಎಷ್ಟು ಪಾವು ತೆಗೆಯುತ್ತೀರಿ ಎನ್ನುವುದು ಕರೆಂಟ್. ಚಾರ್ಜನ್ನು ಅಳೆಯುವುದು ಕೂಲಂಬ್‌ನಲ್ಲಿ. ಒಂದು ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಅದೇ 1 ಆಂಪಿಯರ್. ಒಂದೇ ಕೂಲಂಬ್‌ನಲ್ಲಿ ಎಷ್ಟು ಎಲೆಕ್ಟ್ರಾನ್ ಗೊತ್ತೇ? 624 ಬರೆದು ಮುಂದೆ 16 ಸೊನ್ನೆ ಇಡಿ, ಹೆಚ್ಚುಕಡಿಮೆ ಅಷ್ಟು! ಗಂಟೆಗೆ 3,600 ಸೆಕೆಂಡ್ ಅಲ್ವಾ? ಹಾಗಾಗಿ 1 ಆಂಪಿಯರ್-ಅವರ್ ಅಂದರೆ 3,600 ಕೂಲಂಬ್. 150 ಎಎಚ್ ಅಂದರೆ 5,40,000 ಕೂಲಂಬ್.

ಒಂದು ಮಾತು ಮಾತ್ರ ನೆನಪಿರಲಿ. ಅಕ್ಕಿಯ ಹಾಗೆ ಎಲೆಕ್ಟ್ರಾನ್ ಖರ್ಚಾಗುವುದಿಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟಷ್ಟೇ ಇನ್ನೊಂದು ತುದಿಗೆ ವಾಪಸ್ ಬರುತ್ತದೆ. ಮುಗಿಯುವುದು ಅವನ್ನು ತಳ್ಳುವ ರಾಸಾಯನಿಕ ಶಕ್ತಿ.

ಈಗ ಲೋಡ್ ಕೂಡಿಸಿ. 75 ವ್ಯಾಟ್‌ನ ಎರಡು ಫ್ಯಾನ್, 10 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬ್, ವೈಫೈ ರೂಟರ್‌ಗೆ 10 ವ್ಯಾಟ್. ಒಟ್ಟು 200. ಯುಪಿಎಸ್ ಒಳಗೇ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಆದ್ದರಿಂದ 250 ಅಂತ ಹಿಡಿಯಿರಿ. ಇದನ್ನು 12ರಿಂದ ಭಾಗಿಸಿದರೆ ಸುಮಾರು 21 ಆಂಪಿಯರ್. ಬ್ಯಾಟರಿಯಿಂದ ಹೊರಡುವ ಕರೆಂಟ್ ಇದು.

ಕೊನೆಗೆ 150ನ್ನು 21ರಿಂದ ಭಾಗಿಸಿ. ಏಳು ಗಂಟೆ ಬರುತ್ತದೆ. ಆದರೆ ಇದನ್ನು ನಂಬಿ ಕೂರಬೇಡಿ! ಯುಪಿಎಸ್‌ನ ಲೆಡ್-ಆಸಿಡ್ ಬ್ಯಾಟರಿಗೆ 150 ಎಎಚ್ ಎಂದು ಬರೆಯುವುದು ಸಾಮಾನ್ಯವಾಗಿ 20 ಗಂಟೆ ನಿಧಾನವಾಗಿ, ಅಂದರೆ 7.5 ಆಂಪಿಯರ್‌ನಂತೆ ತೆಗೆದಾಗಿನ ಲೆಕ್ಕ. ಕರೆಂಟ್ ಜಾಸ್ತಿ ಎಳೆದಷ್ಟೂ ಸಿಗುವ ಒಟ್ಟು ಚಾರ್ಜ್ ಕಡಿಮೆಯಾಗುತ್ತದೆ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿಯ ಆಯಸ್ಸೂ ಕುಗ್ಗುತ್ತದೆ. ಹೊಸ ಬ್ಯಾಟರಿಯಾದರೂ ಐದು ಗಂಟೆ ಅಂದುಕೊಳ್ಳುವುದೇ ಸರಿ.

ಅದು ಸಾಲದು ಅನಿಸಿದರೆ ಸುಮ್ನೆ ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಬೇಡಿ. ಮೊದಲು ಫ್ಯಾನ್ ಬದಲಿಸಿ. ಬಿಎಲ್‌ಡಿಸಿ ಫ್ಯಾನ್‌ಗೆ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್‌ಗೆ, 30 ವ್ಯಾಟ್ ಆಸುಪಾಸು ಸಾಕು. ಎರಡನ್ನೂ ಬದಲಿಸಿದರೆ ಕರೆಂಟ್ 21ರಿಂದ 12 ಆಂಪಿಯರ್‌ಗಿಂತ ಕೆಳಗಿಳಿಯುತ್ತದೆ.